ಏರ್ ಇನ್‌ಟೇಕ್ ಹಾಕಿಸೋರು ಮೊದ್ಲು ಅದರ ಬಾಯಿ ಎಲ್ಲಿ ಬರ್ತದೆ ಅಂತ ನೋಡ್ಲಿ

ಸಂಪಾದಕರಿಗೆ ನಮಸ್ಕಾರ,

ಮಳೆ ಶುರುವಾಗ್ಲಿಕ್ಕೆ ಇನ್ನು ಸ್ವಲ್ಪವೇ ದಿನ ಉಂಟು, ಅದಕ್ಕೇ ಈಗ್ಲೇ ಬರೀತಿದ್ದೇನೆ, ಜೂನ್ ಬಂದ್ಮೇಲೆ ಬರೆದ್ರೆ ತಡ ಆಯ್ತು. ನಿಮ್ಮ ಪೇಪರಿನ ವಾಹನದ ಪುಟದಲ್ಲಿ ಹೊಸ ಮಾಡೆಲ್ ಬಗ್ಗೆ ಬರ್ತದೆ, ಮೈಲೇಜ್ ಬಗ್ಗೆ ಬರ್ತದೆ, ಆದ್ರೆ ನಮ್ಮೂರ ಹುಡುಗರು ಈಗ ತುಂಬ ಕೇಳ್ತಿರುವ ಒಂದು ಸಂಗತಿ ಬಗ್ಗೆ ಒಂದಕ್ಷರ ಬಂದದ್ದು ನಾನು ನೋಡಿಲ್ಲ, ಅದು ಹೊರಗಿಂದ ತಂದು ಹಾಕುವ, ಇಂಜಿನ್ನಿಗೆ ಗಾಳಿ ಎಳೆಯುವ ಪೈಪು-ಫಿಲ್ಟರ್, ಅಂದ್ರೆ ಏರ್ ಇನ್‌ಟೇಕ್. ನಾನು ಸುರತ್ಕಲ್ ಕಡೆ ಗ್ಯಾರೇಜ್ ನಡೆಸುವವ. ಏಪ್ರಿಲ್-ಮೇ ಬಂತು ಅಂದ್ರೆ ಗಲ್ಫಿಂದ ರಜೆಗೆ ಬಂದವರು, ಪರೀಕ್ಷೆ ಮುಗಿಸಿದ ಇಂಜಿನಿಯರಿಂಗ್ ಮಕ್ಕಳು ಎಲ್ಲ ಫೋನಲ್ಲಿ ಒಂದು ಫೋಟೋ ತೋರಿಸಿ "ಅಣ್ಣ ಇದು ಹಾಕಿದ್ರೆ ಹೇಗೆ, ಪಿಕಪ್ ಬರ್ತದಾ" ಅಂತ ಕೇಳ್ತಾರೆ. ಹೆಚ್ಚಿನವರು ಬ್ರ್ಯಾಂಡ್ ಕೇಳ್ತಾರೆ, ರೇಟ್ ಕೇಳ್ತಾರೆ, ಸೌಂಡ್ ಹೇಗೆ ಬರ್ತದೆ ಅಂತ ಕೇಳ್ತಾರೆ, ಆ ಪೈಪಿನ ಬಾಯಿ ಕಾರಿನ ಯಾವ ಜಾಗದಲ್ಲಿ ಬಂದು ಕೂತ್ಕೊಳ್ತದೆ ಅಂತ ಮಾತ್ರ ಯಾರೂ ಕೇಳೂದಿಲ್ಲ. ನಮ್ಮ ಕರಾವಳಿಯಲ್ಲಿ ಕೇಳ್ಬೇಕಾದ ಮೊದ್ಲನೇ ಪ್ರಶ್ನೆ ಅದೇ, ಅದನ್ನ ಹೇಳ್ಲಿಕ್ಕೇ ಈ ಪತ್ರ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೇನೆ. ಕಂಪನಿ ಕಾರಲ್ಲಿ ಬಾನೆಟ್ ಎತ್ತಿದ್ರೆ ಕಪ್ಪು ಪ್ಲಾಸ್ಟಿಕ್ ಬಾಕ್ಸ್ ಕಾಣ್ತದಲ್ಲ, ಅದರಿಂದ ಒಂದು ಮೂತಿ ಮುಂದೆ ಗ್ರಿಲ್ಲಿನ ಹಿಂದೆ, ರೇಡಿಯೇಟರ್ ಮೇಲಿನ ಪಟ್ಟಿ ಹತ್ರ ಬಂದು ನಿಂತಿರ್ತದೆ, ಹೆಚ್ಚಿನ ಕಾರಲ್ಲಿ ಬಾನೆಟ್ಟಿನ ಅಂಚಿನಷ್ಟು ಎತ್ತರದಲ್ಲಿ. ಗಾಳಿ ಅಲ್ಲಿಂದ ಒಳಗೆ ಬಂದು ಬಾಕ್ಸಿನೊಳಗಿನ ಫಿಲ್ಟರ್ ದಾಟಿ, ಸೆನ್ಸರ್ ದಾಟಿ, ಥ್ರೊಟಲ್ ಬಾಡಿ (ಆಕ್ಸಿಲರೇಟರ್ ಒತ್ತಿದ ಹಾಗೆ ಗಾಳಿ ಬಿಡುವ ಕವಾಟ) ಮೂಲಕ ಇಂಜಿನ್ನಿಗೆ ಹೋಗ್ತದೆ. ಮಧ್ಯದಲ್ಲಿ ಖಾಲಿ ಡಬ್ಬದ ಹಾಗೆ ಒಂದು ಸೈಡಿಗೆ ನೇತಾಡ್ತಿರ್ತದೆ, ಅದು ರೆಸೊನೇಟರ್, ಗಾಳಿ ಎಳೆಯುವ ಬೊಬ್ಬೆ ಕಡಿಮೆ ಮಾಡ್ಲಿಕ್ಕೆ ಇಟ್ಟದ್ದು. ಎಷ್ಟು ಗಾಳಿ ಬೇಕು ಅಂದ್ರೆ, 1.2 ಲೀಟರಿನ ಪೆಟ್ರೋಲ್ ಇಂಜಿನ್ ಎರಡು ಸುತ್ತಿಗೆ ಒಂದು ಸಲ 1.2 ಲೀಟರ್ ಎಳೀತದೆ, ಆರು ಸಾವಿರ ಆರ್‌ಪಿಎಂನಲ್ಲಿ ಫುಲ್ ಒತ್ತಿದ್ರೆ ಮಿನಿಟಿಗೆ ಹೆಚ್ಚಂದ್ರೆ 3,600 ಲೀಟರ್. ಆದ್ರೆ ಮಂಗಳೂರು ಪೇಟೆಯಲ್ಲಿ ಆರು ಸಾವಿರಕ್ಕೆ ಯಾರು ಹೋಗ್ತಾರೆ, ಎರಡು ಸಾವಿರದಲ್ಲಿ ಅರ್ಧ ಕಾಲಿಟ್ಟು ಓಡಿಸುವಾಗ ಅದರ ಮೂರನೇ ಒಂದು ಪಾಲು ಸಹ ಬೇಡ. ಕಂಪನಿ ಬಾಕ್ಸ್ ಅದಕ್ಕೆ ಧಾರಾಳ ಸಾಕು.

ಈಗ ಮಾರ್ಕೆಟಲ್ಲಿ ಸಿಗೂದು ಹೇಗೆಲ್ಲ ಅಂದ್ರೆ, ಒಂದು ಬರೇ ಪ್ಯಾನೆಲ್ ಫಿಲ್ಟರ್, ಕಂಪನಿ ಬಾಕ್ಸ್ ಹಾಗೇ ಇಟ್ಟು ಒಳಗಿನ ಪೇಪರ್ ಫಿಲ್ಟರ್ ತೆಗೆದು ಕಾಟನ್ ಫಿಲ್ಟರ್ ಇಡೂದು. ಇನ್ನೊಂದು ಶಾರ್ಟ್ ರ್ಯಾಮ್, ಬಾಕ್ಸೇ ಕಿತ್ತು ಒಂದು ಗಿಡ್ಡ ಪೈಪಿನ ತುದಿಗೆ ಕೋನ್ ಫಿಲ್ಟರ್ ಬಾನೆಟ್ ಒಳಗೇ ಓಪನ್ ಆಗಿ ಬಿಡೂದು. ಮೂರನೇದು ಕೋಲ್ಡ್ ಏರ್, ಪೈಪ್ ಉದ್ದ ಮಾಡಿ ಫಿಲ್ಟರನ್ನ ಕೆಳಗೆ ಬಂಪರ್ ಮೂಲೆಗೋ ಮಡ್‌ಗಾರ್ಡಿನ ಒಳಗೋ ಇಳಿಸೂದು. ಮತ್ತೆ ಬಾಕ್ಸಿನೊಳಗೆ ಕೋನ್ ಇಟ್ಟು ಮುಚ್ಚಿದ ಸೀಲ್ಡ್ ಕಿಟ್ ಉಂಟು, ರೇಟ್ ಜಾಸ್ತಿ. ಇಷ್ಟರಲ್ಲಿ ನಮ್ಮ ಹುಡುಗರು ಹೆಚ್ಚು ಬೀಳೂದು ಶಾರ್ಟ್ ರ್ಯಾಮಿಗೆ, ಯಾಕಂದ್ರೆ ಅದು ಚೀಪು, ಒಂದು ಗಂಟೆಯಲ್ಲಿ ಫಿಟ್ ಆಗ್ತದೆ, ಸೌಂಡ್ ಸಹ ಗಮ್ಮತ್ತಾಗಿ ಬರ್ತದೆ.

ಅದರ ತೊಂದರೆ ಬಿಸಿ. ಗಾಳಿ ಬಿಸಿಯಾದಷ್ಟೂ ತೆಳು ಆಗ್ತದೆ, ಲೆಕ್ಕ ಸುಲಭ, ಹತ್ತತ್ರ ಮೂರು ಡಿಗ್ರಿ ಏರಿದ್ರೆ ನೂರಕ್ಕೆ ಒಂದು ಪಾಲು ಗಾಳಿ ಕಡಿಮೆ. ನಂತೂರು ಜಂಕ್ಷನ್ನಲ್ಲೋ ಪಂಪ್‌ವೆಲ್ಲಲ್ಲೋ ಎ.ಸಿ. ಹಾಕಿ ಬ್ಲಾಕಲ್ಲಿ ನಿಂತಾಗ ಹೊರಗೆ 35 ಡಿಗ್ರಿ ಇದ್ರೆ ಬಾನೆಟ್ ಒಳಗೆ 65 ಆಗೂದೇನು ದೊಡ್ಡ ಸಂಗತಿ ಅಲ್ಲ, ಅಂದ್ರೆ ಆ ಕೋನ್ ಎಳೆಯುವ ಗಾಳಿ ಹೊರಗಿನ ಗಾಳಿಗಿಂತ ಸುಮಾರು 9 ಪರ್ಸೆಂಟ್ ತೆಳು, ಮೇಲಿಂದ ಇಸಿಯು, ಅಂದ್ರೆ ಇಂಜಿನ್ನಿನ ಕಂಪ್ಯೂಟರ್, ಬಿಸಿ ಗಾಳಿ ನೋಡಿ ನಾಕಿಂಗ್ (ಪೆಟ್ರೋಲ್ ತಾನಾಗಿ ಹೊತ್ತಿ ಬಡಿಯೂದು) ಆಗದ ಹಾಗೆ ಕಿಡಿ ಕೊಡುವ ಟೈಮಿಂಗ್ ಸಹ ಹಿಂದೆ ಎಳೀತದೆ. ಫಿಲ್ಟರ್ ಫ್ರೀ ಆಗಿ ಬಿಟ್ಟದ್ರಿಂದ ಸಿಗೂದು ಒಂದು ಪರ್ಸೆಂಟ್ ಇರಬಹುದು, ಹೋಗೂದು ಇಷ್ಟು. ಯಾರಿಗಾದ್ರೂ ಡೌಟಿದ್ರೆ ಸ್ಕ್ಯಾನರ್ ಹಾಕಿ ಇನ್‌ಟೇಕ್ ಗಾಳಿಯ ಟೆಂಪರೇಚರ್ ನೋಡಿಕೊಂಡು ಒಂದು ಸಲ ಸಿಗ್ನಲ್ಲಲ್ಲಿ ನಿಲ್ಲಿ, ನಂಬರ್ ಏರ್ತಾ ಹೋಗೂದು ಕಣ್ಣಿಗೇ ಕಾಣ್ತದೆ, ಮತ್ತೆ ಹೈವೇಯಲ್ಲಿ ಎಂಬತ್ತರಲ್ಲಿ ಹೋದಾಗ ಇಳೀತದೆ. ಅಂದ್ರೆ ಪಿಕಪ್ ಬೇಕಾದ ಸಿಗ್ನಲ್ಲಲ್ಲೇ ಅದು ಕೈ ಕೊಡ್ತದೆ. ಇದರ ಮೇಲೆ ನಮ್ಮ ಊರಿನ ತೇವ ಬೇರೆ, ಮೇ ತಿಂಗಳ ಸೆಖೆಯಲ್ಲಿ ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಮೂರು-ಮೂರೂವರೆ ಪಾಲು ಬರೀ ನೀರಿನ ಆವಿಯೇ, ಅಷ್ಟು ಆಮ್ಲಜನಕದ ಜಾಗ ಅದು ತಿಂತದೆ, ಅದಕ್ಕೆ ಯಾವ ಫಿಲ್ಟರೂ ಮದ್ದಲ್ಲ. ಬೇರೆ ದೇಶದ ಒಣ ಚಳಿ ಹವೆಯಲ್ಲಿ ಟೆಸ್ಟ್ ಮಾಡಿ ಬಂದ ಎಚ್‌ಪಿ ನಂಬರ್ ಇಲ್ಲಿ ಹಾಗೇ ಸಿಗ್ತದೆ ಅಂತ ಹೇಳ್ಲಿಕ್ಕೆ ಆಗೂದಿಲ್ಲ.

ರ್ಯಾಮ್ ಅಂದ್ರೆ ಕಾರು ಓಡುವಾಗ ಎದುರು ಗಾಳಿಯೇ ಇಂಜಿನ್ನಿಗೆ ನುಗ್ಗಿ ಪವರ್ ಕೊಡ್ತದೆ ಅಂತ ಅಂಗಡಿಯಲ್ಲಿ ಹೇಳ್ತಾರೆ. ನೂರು ಕಿಲೋಮೀಟರ್ ಸ್ಪೀಡಲ್ಲಿ ಎದುರು ಗಾಳಿ ಕೊಡುವ ಒತ್ತಡ ವಾತಾವರಣದ ಒತ್ತಡದ ಅರ್ಧ ಪರ್ಸೆಂಟ್ ಸಹ ಇಲ್ಲ, ಬೇಕಾದ್ರೆ ನಮ್ಮ ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು ಎನ್ಐಟಿಕೆಯ ಮಕ್ಕಳ ಹತ್ರ ಲೆಕ್ಕ ಹಾಕಿಸಿ.

ಬಿಸಿ ಬೇಡ, ತಣ್ಣಗಿನ ಗಾಳಿ ಬೇಕು ಅಂತ ಕೋಲ್ಡ್ ಏರ್ ಹಾಕಿಸಿದವರ ಕಥೆಯೇ ನನಗೆ ಹೆಚ್ಚು ತಲೆಬಿಸಿ. ಒಳ್ಳೆ ಹವೆ ಇರುವ ಊರಲ್ಲಿ ಅದು ಸರಿಯಾದ ಐಡಿಯಾವೇ, ಗಾಳಿ ನಿಜಕ್ಕೂ ತಣ್ಣಗೆ ಸಿಗ್ತದೆ. ಆದ್ರೆ ಫಾಗ್ ಲ್ಯಾಂಪಿನ ಹಿಂದೆ, ರಸ್ತೆಯಿಂದ ಒಂದೂಕಾಲು ಅಡಿ ಎತ್ತರದಲ್ಲಿ ಫಿಲ್ಟರ್ ನೇತು ಹಾಕಿ ನೀವು ಕೊಟ್ಟಾರ ಚೌಕಿಯಲ್ಲಿ ಜುಲೈ ತಿಂಗಳಲ್ಲಿ ಹೋಗ್ತೀರಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ ಊರು ಇದು, ಅದರ ಹೆಚ್ಚಿನ ಪಾಲು ಜೂನಿಂದ ಸೆಪ್ಟೆಂಬರ್ ಒಳಗೇ. 2018ರ ಮೇ 29 ಯಾರಿಗೆ ಮರೀತದೆ, ಇನ್ನೂ ಮಳೆಗಾಲವೇ ಸರಿಯಾಗಿ ಶುರುವಾಗಿರಲಿಲ್ಲ, ಒಂದೇ ದಿನಕ್ಕೆ ಮಂಗಳೂರು ಪೇಟೆ ಹೊಳೆ ಆಯ್ತು. ಉಡುಪಿಯವರಿಗೆ 2020ರ ಸೆಪ್ಟೆಂಬರ್ 20, ಕಲ್ಸಂಕ, ಬನ್ನಂಜೆ ಎಲ್ಲ ನೀರು. ಅಷ್ಟು ದೊಡ್ಡ ನೆರೆಯೇ ಬೇಕಂತಿಲ್ಲ, ಸಾಧಾರಣ ಒಂದು ಜೋರು ಮಳೆಗೆ ಪಡೀಲು ಕಡೆ ಎದುರಿಂದ ಬಸ್ ಬಂದು ಎಬ್ಬಿಸುವ ಅಲೆ ಸಾಕು, ಬಂಪರ್ ತುಂಬ ನೀರು.

ನೀರು ಇಂಜಿನ್ನಿಗೆ ಹೋದ್ರೆ ಎಂತ ಆಗ್ತದೆ ಅಂತ ನಮ್ಮ ಮಕ್ಕಳಿಗೆ ಯಾರೂ ಹೇಳಿಲ್ಲ. ಗಾಳಿ ಅಮುಕಿದ್ರೆ ಕುಗ್ಗುತದೆ, ನೀರು ಕುಗ್ಗೂದಿಲ್ಲ. 1.2 ಲೀಟರಿನ ನಾಲ್ಕು ಸಿಲಿಂಡರ್ ಇಂಜಿನ್ನಲ್ಲಿ ಒಂದೊಂದು ಸಿಲಿಂಡರ್ 300 ಸಿಸಿ, ಕಂಪ್ರೆಶನ್ ಹನ್ನೊಂದಕ್ಕೆ ಒಂದು ಇದ್ರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಬರೀ 30 ಮಿಲಿ, ಅಂದ್ರೆ ಎರಡು ಟೇಬಲ್ ಚಮಚ. ಅದಕ್ಕಿಂತ ಜಾಸ್ತಿ ನೀರು ಒಂದೇ ಒಂದು ಸಿಲಿಂಡರಿಗೆ ಹೋದ್ರೆ ಪಿಸ್ಟನ್ ಮೇಲೆ ಹೋಗ್ಲಿಕ್ಕೆ ಜಾಗ ಇಲ್ಲ, ಉಳಿದ ಸಿಲಿಂಡರ್‌ಗಳು ಅದನ್ನ ದೂಡ್ತವೆ, ಬಗ್ಗೂದು ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್. ಡೀಸೆಲ್ಲಿನಲ್ಲಿ ಕಂಪ್ರೆಶನ್ ಇನ್ನೂ ಜಾಸ್ತಿ, ಜಾಗ ಇನ್ನೂ ಕಡಿಮೆ, ಇಪ್ಪತ್ತು ಮಿಲಿ ಆಸುಪಾಸು. ಇದಕ್ಕೆ ಹೈಡ್ರೋಲಾಕ್ ಅಂತಾರೆ. ಅಂಥ ಇಂಜಿನ್ ಬಿಚ್ಚಿದಾಗ ಕಾಣೂದು ಹೇಗೆ ಅಂದ್ರೆ, ಮೂರು ಪಿಸ್ಟನ್ ಬ್ಲಾಕಿನ ಮಟ್ಟಕ್ಕೆ ಸರಿಯಾಗಿ ಬರ್ತದೆ, ನಾಲ್ಕನೇದು ಉಗುರು ತಾಗುವಷ್ಟು ಕೆಳಗೇ ನಿಂತುಬಿಡ್ತದೆ, ಹೊರಗೆ ತೆಗೆದ ರಾಡನ್ನ ಗ್ಲಾಸಿನ ಮೇಲೆ ಇಟ್ರೆ ಒಂದು ಕಡೆ ಬೆಳಕು ಕಾಣ್ತದೆ. ಕೆಲವು ಸಲ ಸ್ವಲ್ಪವೇ ಬಗ್ಗಿರ್ತದೆ, ಕಾರು ಮತ್ತೆ ಸ್ಟಾರ್ಟ್ ಸಹ ಆಗ್ತದೆ, ಸಣ್ಣ ಒಂದು ಟಕಟಕ ಬಿಟ್ರೆ ಸರಿಯೇ ಇರ್ತದೆ, ತಿಂಗಳು ಕಳೆದು ಶಿರಾಡಿ ಹತ್ತುವಾಗ ರಾಡ್ ಬ್ಲಾಕ್ ಒಡೆದುಕೊಂಡು ಹೊರಗೆ ಬರ್ತದೆ.

ಇಲ್ಲೇ ಒಂದು ಮಾತು ದಪ್ಪ ಅಕ್ಷರದಲ್ಲಿ ಹಾಕಿದ್ರೂ ಅಡ್ಡಿ ಇಲ್ಲ. ನೀರಲ್ಲಿ ಕಾರು ಬಂದಾದ್ರೆ ಮತ್ತೆ ಸೆಲ್ಫ್ ಹೊಡೀಬೇಡಿ. ಕಂಪನಿ ಇನ್‌ಟೇಕ್ ಇರಲಿ ಬೇರೆ ಇರಲಿ, ದೂಡಿ ಬದಿಗೆ ತನ್ನಿ, ಫಿಲ್ಟರ್ ತೆಗೆದು ಮುಟ್ಟಿ ನೋಡಿ, ಒದ್ದೆ ಇದ್ರೆ ಪ್ಲಗ್ ಬಿಚ್ಚಿ ನೀರು ಹೊರಗೆ ಹಾಕಿದ ಮೇಲೆಯೇ ತಿರುಗಿಸ್ಬೇಕು. ಇನ್ಶೂರೆನ್ಸಿನವರು ಸಾಧಾರಣ ಪಾಲಿಸಿಯಲ್ಲಿ ಇದಕ್ಕೆ ದುಡ್ಡು ಕೊಡೂದಿಲ್ಲ, ನೀರಲ್ಲಿ ಸ್ಟಾರ್ಟ್ ಮಾಡಿ ಆದ ಹಾನಿ ನಿಮ್ಮ ತಲೆಗೇ, ಇಂಜಿನ್ ಪ್ರೊಟೆಕ್ಟ್ ಅಂತ ಬೇರೆ ಕವರ್ ಮಾಡಿಸಿರ್ಬೇಕು. ಮಾಡಿಸಿದ್ರೂ ಸರ್ವೇಯರ್ ಬಂದು ಬಾನೆಟ್ ಎತ್ತಿದಾಗ ಕಂಪನಿಯದ್ದಲ್ಲದ ಪೈಪ್ ಬಂಪರ್ ಒಳಗೆ ಇಳಿದದ್ದು ಕಂಡ್ರೆ, ಅದನ್ನ ನೀವು ಮೊದ್ಲೇ ಹೇಳಿರದಿದ್ರೆ, ಕ್ಲೇಮಿಗೆ ಅದೇ ಅಡ್ಡಿ. ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ, ಮನೆಗೆ ಒಬ್ಬನೇ ದುಡಿಯುವವ, ಲೋನಲ್ಲಿ ತೆಗೆದ ಕಾರು, ಮಂಗಳೂರಿನ ಒಂದು ಆಕ್ಸೆಸರಿ ಅಂಗಡಿಯವರು ಹಾಕಿಕೊಟ್ಟ ಕೋಲ್ಡ್ ಏರ್ ಕಿಟ್ಟಿನಿಂದ ಹೀಗೇ ಆಗಿ ನನ್ನ ಗ್ಯಾರೇಜಿಗೆ ಎಳೆದು ತಂದ. ಅಂಗಡಿಯವರು ಬಿಲ್ಲೂ ಕೊಟ್ಟಿರಲಿಲ್ಲ, ಫಿಟ್ ಮಾಡುವಾಗ ಮಳೆ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಅವನ ಅಮ್ಮ ಬಂದು ಬೆಂಚಿನ ಮೇಲೆ ಕೂತು "ಮಗ, ಎಷ್ಟಾಗಬಹುದು" ಅಂತ ಕೇಳಿದಾಗ ನಾನು ಎಸ್ಟಿಮೇಟ್ ಹೇಳ್ಲಿಕ್ಕೆ ಎರಡು ಸಲ ಯೋಚಿಸಿದೆ.

ನೀರು ಬಂದಾಗ ಮೇಲಿಂದ ಗಾಳಿ ಎಳೆಯುವ ಹಾಗೆ ಪೈಪಿನ ಮಧ್ಯೆ ಹಾಕುವ ಬೈಪಾಸ್ ವಾಲ್ವ್ ಅಂತ ಒಂದುಂಟು, ಹೌದು. ಆದ್ರೆ ಅದು ಟರ್ಬೋ ಕಾರಿಗೆ, ಅಂದ್ರೆ ಗಾಳಿಯನ್ನ ಒತ್ತಿ ತುಂಬಿಸುವ ಫ್ಯಾನ್ ಇರುವ ಇಂಜಿನ್ನಿಗೆ, ಆಗೂದಿಲ್ಲ, ಈಗ ರೋಡಲ್ಲಿ ಎಷ್ಟು ಕಾರು ಟರ್ಬೋ ಅಂತ ನಿಮಗೇ ಗೊತ್ತುಂಟು. ಮತ್ತೆ ಆ ವಾಲ್ವ್ ಇರುವ ಜಾಗಕ್ಕಿಂತ ಮೇಲೆ ನೀರು ಬಂದ್ರೆ ಅದೂ ಇಲ್ಲ.

ಇನ್ನು ಫಿಲ್ಟರ್ ವಿಷಯ. ಎಲ್ಲರಿಗೂ ಗೊತ್ತಿರೂದು ಕೆಂಪು ಬಣ್ಣದ ಕೆ ಆಂಡ್ ಎನ್, ಕ್ಯಾಲಿಫೋರ್ನಿಯಾದ ಕಂಪನಿ, 1969ರಿಂದ ಉಂಟು, ಮತ್ತೆ ಇಟಲಿಯ ಬಿಎಂಸಿ, ಹೀಗೆ ಕೆಲವು. ಇವೆಲ್ಲ ಹತ್ತಿ ಬಟ್ಟೆಯ ಪದರಕ್ಕೆ ಎಣ್ಣೆ ಹಾಕಿದ ಫಿಲ್ಟರ್, ಎಣ್ಣೆಗೆ ಧೂಳು ಅಂಟ್ತದೆ, ತೊಳೆದು ಮತ್ತೆ ಎಣ್ಣೆ ಹಾಕಿ ವರ್ಷಗಟ್ಟಲೆ ಬಳಸ್ಬಹುದು. ಒಳ್ಳೆ ಮಾಲೇ, ಒರಿಜಿನಲ್ ಆದ್ರೆ. ಆದ್ರೆ ಎರಡು ಸಂಗತಿ ನೋಡ್ಬೇಕು. ತೊಳೆದ ಮೇಲೆ ಕೆಲವರು ಪ್ರೀತಿಯಿಂದ ಎಣ್ಣೆ ಜಾಸ್ತಿ ಸುರೀತಾರೆ, ಅದು ಹಾರಿ ಮುಂದೆ ಇರುವ, ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರಿನ ಬಿಸಿ ತಂತಿಗೆ ಅಂಟಿ ಗಾಳಿ ಲೆಕ್ಕ ತಪ್ತದೆ, ಕಾರು ಜರ್ಕ್ ಹೊಡೀತದೆ. ನಮ್ಮಲ್ಲಿ ತೊಳೆದ ಫಿಲ್ಟರ್ ಮಳೆಗಾಲದಲ್ಲಿ ಒಂದು ದಿನಕ್ಕೆ ಒಣಗೂದೂ ಇಲ್ಲ, ಹಸಿ ಇರುವಾಗಲೇ ಹಾಕ್ತಾರೆ. ಎರಡನೇದು ಧೂಳು. ಹೈವೇ ಕೆಲಸ ಬಿ.ಸಿ.ರೋಡಿನ ಆಚೆ ಎಷ್ಟು ವರ್ಷದಿಂದ ನಡೀತಿದೆ, ಮುರಕಲ್ಲಿನ ಕೆಂಪು ಹುಡಿ ಇರುವ ಕೋರೆ ರಸ್ತೆಗಳು ಎಷ್ಟು ಉಂಟು, ಆ ಹುಡಿ ನೀರಿನ ಹಾಗೆ ಸಣ್ಣ, ಸಂದಿ ಸಿಕ್ಕಿದಲ್ಲಿ ಹೋಗ್ತದೆ. ಫಿಲ್ಟರಿನ ಮೊದಲ ಕೆಲಸ ಧೂಳು ಹಿಡಿಯೂದು. ಗಾಳಿ ಸಲೀಸಾಗಿ ಬಿಡುವ ಫಿಲ್ಟರ್ ಸಾಧಾರಣವಾಗಿ ಧೂಳನ್ನೂ ಸ್ವಲ್ಪ ಹೆಚ್ಚು ಬಿಡ್ತದೆ, ಎರಡೂ ಒಟ್ಟಿಗೆ ಕೇಳಿದ್ರೆ ಫಿಲ್ಟರಿನ ಅಳತೆ ದೊಡ್ಡದಾಗ್ಬೇಕು. ಇದನ್ನ ಅಳೀಲಿಕ್ಕೆ ಐಎಸ್ಒ 5011 ಅಂತ ಟೆಸ್ಟ್ ಉಂಟು, ತಗೊಳ್ಳುವಾಗ ಕೇಳ್ಬೇಕಾದ ನಂಬರ್ ಅದು, ಎಷ್ಟು ಪರ್ಸೆಂಟ್ ಧೂಳು ಹಿಡೀತದೆ, ಎಷ್ಟು ಗಾಳಿಯಲ್ಲಿ ಅಳೆದದ್ದು ಅಂತ. ಪ್ಯಾಕೆಟ್ ಮೇಲೆ ಇಲ್ಲದಿದ್ರೆ ಕಂಪನಿಯ ದಾಖಲೆ ಕೇಳಿ, ಅದೂ ಸಿಗದಿದ್ರೆ ಬಿಡಿ. ಹೆಸರಿಲ್ಲದ ಕೋನ್ ಫಿಲ್ಟರನ್ನ ಬೆಳಕಿಗೆ ಹಿಡಿದ್ರೆ ಬಟ್ಟೆಯ ಕಣ್ಣು ಕಣ್ಣಾಗಿ ತೂತು ಕಾಣ್ತದೆ, ಕೆಳಗಿನ ರಬ್ಬರ್ ಅಂಟು ಬಿಟ್ಟಿರ್ತದೆ, ಅಂಥದ್ದು ಹಾಕಿ ಓಡಿಸಿದ ಕಾರಿನ ಥ್ರೊಟಲ್ ಬಾಡಿಯೊಳಗೆ ಬೆರಳಿಟ್ಟು ಒರಸಿದ್ರೆ ಬೆರಳು ಕೆಂಪಾಗ್ತದೆ. ಟರ್ಬೋ ಆದ್ರೆ ಆ ಹುಡಿ ಮೊದ್ಲು ಹೊಡೆಯೂದು ಟರ್ಬೋದ ಬ್ಲೇಡಿಗೆ, ಆಮೇಲೆ ಪಿಸ್ಟನ್ ರಿಂಗಿಗೆ.

ಪೇಪರ್ ಫಿಲ್ಟರ್ ಸ್ವಲ್ಪ ಕಪ್ಪಾದ ಕೂಡ್ಲೇ ತೆಗೆದು ಬಿಸಾಡುವವರೂ ಉಂಟು, ಕಂಪ್ರೆಸರ್ ಗಾಳಿ ಜೋರಾಗಿ ಊದಿ ಪೇಪರ್ ಹರಿಯುವವರೂ ಉಂಟು. ಫಿಲ್ಟರ್ ಮೇಲೆ ಮೊದ್ಲ ಧೂಳಿನ ಪದರ ಕೂತ ಮೇಲೆ ಅದು ಹೊಸದಕ್ಕಿಂತ ಚೆನ್ನಾಗಿ ಧೂಳು ಹಿಡೀತದೆ, ಸರ್ವಿಸ್ ಬುಕ್ಕಲ್ಲಿ ಹೇಳಿದ ಕಿಲೋಮೀಟರಿಗೆ ಬದಲಿಸಿದ್ರೆ ಸಾಕು, ಕೋರೆ ರಸ್ತೆಯಲ್ಲಿ ಓಡಾಡುವವರು ಸ್ವಲ್ಪ ಬೇಗ.

ನಿಮ್ಮ ಕಾರಿಗೆ ಇನ್‌ಟೇಕ್ ಬೇಕಾ ಬೇಡ್ವಾ ಅಂತ ದುಡ್ಡು ಕೊಡುವ ಮೊದ್ಲೇ ತಿಳ್ಕೊಳ್ಲಿಕ್ಕೆ ಒಂದು ದಾರಿ ಉಂಟು, ಇದನ್ನ ದಯವಿಟ್ಟು ಪೂರ್ತಿ ಹಾಕಿ. ಮನೆ ಕಟ್ಟುವ ಮೇಸ್ತ್ರಿಗಳ ಹತ್ರ ಲೆವೆಲ್ ನೋಡುವ ಪಾರದರ್ಶಕ ಪೈಪ್ ಇರ್ತದಲ್ಲ, ಅದೇ ಸಾಕು. ಒಂದು ಮೀಟರ್ ಉದ್ದದ ಹಲಗೆಗೆ ಪೈಪನ್ನ ಯು ಆಕಾರದಲ್ಲಿ ಕಟ್ಟಿ, ಅರ್ಧಕ್ಕೆ ಬಣ್ಣದ ನೀರು ತುಂಬಿಸಿ, ಪಕ್ಕಕ್ಕೆ ಒಂದು ಸ್ಕೇಲ್ ಅಂಟಿಸಿ. ಪೈಪಿನ ಒಂದು ತುದಿ ಹಾಗೇ ಬಿಡಿ, ಇನ್ನೊಂದು ತುದಿಯನ್ನ ಕಿಟಕಿಯಿಂದ ಹೊರಗೆ ತಂದು ಏರ್ ಬಾಕ್ಸಿನ ಫಿಲ್ಟರ್ ದಾಟಿದ ಕಡೆ ಸಣ್ಣ ತೂತು ಮಾಡಿ ಗಾಳಿ ಸೋರದ ಹಾಗೆ ಕೂರಿಸಿ, ವಾರಂಟಿ ಕಾರಾದ್ರೆ ಗುಜರಿಯಿಂದ ಹಳೇ ಬಾಕ್ಸ್ ತಂದು ಅದಕ್ಕೆ ತೂತು ಮಾಡಿ. ಮತ್ತೆ ಮರವೂರು ಸಂಕ ದಾಟಿ ಏರ್‌ಪೋರ್ಟ್ ಕಡೆ ಏರುವ ರಸ್ತೆಯಲ್ಲಿ ಟ್ರಾಫಿಕ್ ಇಲ್ಲದ ಹೊತ್ತಲ್ಲಿ ಸೆಕೆಂಡ್ ಗೇರಲ್ಲಿ ಫುಲ್ ಒತ್ತಿ, ಪಕ್ಕದಲ್ಲಿ ಕೂತವರು ನೀರಿನ ಎರಡು ಮಟ್ಟದ ವ್ಯತ್ಯಾಸ ನೋಡ್ಲಿ, ಓಡಿಸುವವ ರಸ್ತೆ ಮಾತ್ರ ನೋಡ್ಲಿ. ವಾತಾವರಣದ ಪೂರ್ತಿ ಒತ್ತಡ ಅಂದ್ರೆ ಹತ್ತಿರ ಹತ್ತಿರ 10.3 ಮೀಟರ್ ನೀರು. ನಿಮ್ಮ ಪೈಪಲ್ಲಿ ಹತ್ತು ಸೆಂಟಿಮೀಟರ್ ವ್ಯತ್ಯಾಸ ಕಂಡ್ರೆ, ಇಡೀ ಬಾಕ್ಸ್, ಮೂತಿ, ಫಿಲ್ಟರ್ ಎಲ್ಲ ಸೇರಿ ತಡೆಯೂದು ಒಂದು ಪರ್ಸೆಂಟ್ ಅಷ್ಟೇ. ಲೋಕದ ಅತಿ ದುಬಾರಿ ಇನ್‌ಟೇಕ್ ಹಾಕಿದ್ರೂ ಆ ಒಂದು ಪರ್ಸೆಂಟಿಗಿಂತ ಜಾಸ್ತಿ ಅಲ್ಲಿಂದ ವಾಪಸ್ ತರ್ಲಿಕ್ಕಿಲ್ಲ. ಅದೇ ಮೂವತ್ತು-ನಲವತ್ತು ಸೆಂಟಿಮೀಟರ್ ಕಂಡ್ರೆ ಮಾತು ಬೇರೆ, ಆಗ ಫಿಲ್ಟರ್ ತೆಗೆದು ಧೂಳಿಲ್ಲದ ರಸ್ತೆಯಲ್ಲಿ ಒಂದೇ ಸಲ ಓಡಿಸಿ ನೋಡಿ, ನಂಬರ್ ಇಳಿದ್ರೆ ಫಿಲ್ಟರ್ ಕಟ್ಟಿದೆ ಅಂತರ್ಥ, ಇಳೀದಿದ್ರೆ ಮೂತಿಯಲ್ಲಿ ಎಂತದೋ ಸಿಕ್ಕಿದೆ. ನಮ್ಮೂರಲ್ಲಿ ಹೆಚ್ಚಿನ ಸಲ ಸಿಕ್ಕುವುದು ಇಲಿ ತಂದು ತುಂಬಿಸಿದ ಅಡಿಕೆ ಸಿಪ್ಪೆ, ತೆಂಗಿನ ನಾರು, ಒಣ ಎಲೆ. ತೋಟದ ಮನೆ ಅಂಗಳದಲ್ಲಿ ನಿಲ್ಲಿಸುವ ಕಾರುಗಳ ಬಾಕ್ಸ್ ಮಳೆಗಾಲದಲ್ಲಿ ತೆಗೆದ್ರೆ ಬೆಚ್ಚಗಿನ ಗೂಡೇ ಇರ್ತದೆ, ಪೇಪರ್ ಫಿಲ್ಟರಿನ ಒಂದು ಮೂಲೆ ಕಚ್ಚಿ ತೂತು. ಅದನ್ನ ಕ್ಲೀನ್ ಮಾಡಿ ಮುನ್ನೂರು-ನಾನೂರು ರೂಪಾಯಿಯ ಹೊಸ ಫಿಲ್ಟರ್ ಹಾಕಿದ ಕೂಡ್ಲೇ "ಅಣ್ಣ ಈಗ ಪಿಕಪ್ ಬಂತು" ಅಂತ ಹೇಳಿ ಹೋದವರು ಎಷ್ಟೋ ಜನ.

ಮೈಲೇಜ್ ಜಾಸ್ತಿ ಆಗ್ತದೆ ಅಂತ ಮಾರುವವರಿಗೆ ನಾನು ಹೇಳೂದು ಇಷ್ಟೇ, ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು 2009ರಲ್ಲಿ ಫಿಲ್ಟರನ್ನ ಬೇಕಂತಲೇ ಕಟ್ಟಿಸಿ ಟೆಸ್ಟ್ ಮಾಡಿದ್ದಾರೆ, ಈಗಿನ ಫ್ಯೂಯೆಲ್ ಇಂಜೆಕ್ಷನ್ ಕಾರಲ್ಲಿ ಮೈಲೇಜಿಗೆ ಹೇಳುವಂಥ ವ್ಯತ್ಯಾಸ ಬರಲಿಲ್ಲ, ಫುಲ್ ಒತ್ತಿದಾಗಿನ ಪಿಕಪ್ ಮಾತ್ರ ಬಿದ್ದಿತ್ತು. ಕಾರಣ ಸರಳ, ಪೆಟ್ರೋಲ್ ಕಾರಲ್ಲಿ ಗಾಳಿ ಎಷ್ಟು ಬೇಕು ಅಂತ ತೀರ್ಮಾನ ಮಾಡೂದು ನಿಮ್ಮ ಕಾಲಿನ ಕೆಳಗಿನ ಥ್ರೊಟಲ್, ಅದಕ್ಕೆ ತಕ್ಕ ಪೆಟ್ರೋಲನ್ನ ಇಸಿಯು ಹಾಕ್ತದೆ. ಡೀಸೆಲ್ಲಿನಲ್ಲಿ ಪವರ್ ಬರೂದು ಹಾಕಿದ ಡೀಸೆಲ್ಲಿಂದ, ಗಾಳಿ ಮೊದ್ಲೇ ಜಾಸ್ತಿಯೇ ಇರ್ತದೆ, ಟ್ಯೂನ್ ಮಾಡದೆ, ಅಂದ್ರೆ ಇಸಿಯು ಸೆಟ್ಟಿಂಗ್ ಬದಲಿಸದೆ, ಬರೀ ಇನ್‌ಟೇಕ್ ಹಾಕಿದ್ರೆ ಟರ್ಬೋ ಸೀಟಿ ಕೇಳ್ತದೆ, ಅಷ್ಟೇ.

ಹೊಗೆಯ ಹೊಸ ನಿಯಮದ ಬಿಎಸ್ 6 ಕಾರಿನವರು ಇನ್ನೂ ಜಾಗ್ರತೆ, 2020ರ ಏಪ್ರಿಲ್ ನಂತರದ್ದೆಲ್ಲ ಅದೇ. ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಕಾರಲ್ಲಿ ಅದು ಕೂತ ಪೈಪಿನ ಅಗಲಕ್ಕೆ ಸರಿಯಾಗಿ ಲೆಕ್ಕ ಬರೆದಿಟ್ಟಿರ್ತಾರೆ, ನೀವು ಅಗಲದ ಪೈಪ್ ಹಾಕಿದ್ರೆ ಗಾಳಿ ಕಡಿಮೆ ಅಂತ ಸೆನ್ಸರ್ ಹೇಳ್ತದೆ, ಇಂಜಿನ್ ಲೀನ್ ಆಗಿ, ಅಂದ್ರೆ ಗಾಳಿಗೆ ತಕ್ಕ ಪೆಟ್ರೋಲ್ ಸಿಗದೆ, ಓಡ್ತದೆ, ಪಿ0101, ಪಿ0171 ಅಂತ ಕೋಡ್ ಬಂದು ಚೆಕ್ ಇಂಜಿನ್ ಲೈಟ್ ಉರೀತದೆ. ಕಿಟ್ ನಿಮ್ಮ ಮಾಡೆಲ್ಲಿಗೇ ಮಾಡಿದ್ದಾ, ಸೆನ್ಸರ್ ಕೂರುವ ಜಾಗದ ಅಳತೆ ಕಂಪನಿಯದ್ದೇ ಉಂಟಾ ಅಂತ ಕೇಳಿ, ಎಲ್ಲ ಕಾರಿಗೂ ಆಗ್ತದೆ ಅಂತ ಮಾರುವ ಯೂನಿವರ್ಸಲ್ ಪೈಪ್ ಬೇಡವೇ ಬೇಡ. ಪೈಪ್ ಕಬ್ಬಿಣದ್ದಾದ್ರೆ ನಮ್ಮ ಉಪ್ಪು ಗಾಳಿಗೆ ಒಳಗಿಂದ ತುಕ್ಕು ಏಳ್ತದೆ, ಆ ತುಕ್ಕು ಫಿಲ್ಟರ್ ದಾಟಿದ ಕಡೆ ಇರೂದ್ರಿಂದ ಸೀದಾ ಇಂಜಿನ್ನಿಗೆ ಹೋಗ್ತದೆ, ಮಲ್ಪೆ, ಪಣಂಬೂರು, ಉಳ್ಳಾಲ ಕಡೆಯವರು ಅಲ್ಯೂಮಿನಿಯಂ ಅಥವಾ ಒಳ್ಳೆ ಪ್ಲಾಸ್ಟಿಕ್ ಬಿಟ್ಟು ಬೇರೆ ತಗೊಳ್ಳಲೇಬಾರ್ದು.

ಕಾನೂನು ಸಹ ಉಂಟು. ಕಂಪನಿಯ ಮೂಲ ಸ್ಪೆಸಿಫಿಕೇಶನ್ ಬದಲಾಗುವ ಹಾಗೆ ಗಾಡಿ ಮಾರ್ಪಾಡು ಮಾಡ್ಲಿಕ್ಕಿಲ್ಲ ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಿಷಯದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ, ಅದೇ ವರ್ಷದ ತಿದ್ದುಪಡಿಯಲ್ಲಿ ಒಪ್ಪಿಗೆ ಇಲ್ಲದ ಒಂದೊಂದು ಮಾರ್ಪಾಡಿಗೆ ಐದು ಸಾವಿರ ದಂಡ ಅಂತ ಬಂತು, ಆರು ತಿಂಗಳ ತನಕ ಜೈಲು ಸಹ ಉಂಟು. ಕಂಪನಿ ಬಾಕ್ಸಿನೊಳಗಿನ ಪ್ಯಾನೆಲ್ ಫಿಲ್ಟರಿಗೆ ಯಾರೂ ಕೈ ಹಾಕಿದ್ದು ನಾನು ನೋಡಿಲ್ಲ, ಆದ್ರೆ ಬಾಕ್ಸ್ ಕಿತ್ತು ರಸ್ತೆ ತುಂಬ ಸದ್ದು ಮಾಡುವ ಕಾರನ್ನ ನಿಲ್ಲಿಸಿದ್ರೆ ಪೊಲೀಸರಿಗೆ ಬೈದು ಪ್ರಯೋಜನ ಇಲ್ಲ.

ಇಷ್ಟೆಲ್ಲ ಹೇಳಿ ಏನೂ ಹಾಕ್ಬೇಡಿ ಅಂತ ನಾನು ಹೇಳೂದಿಲ್ಲ. ಸೌಂಡ್ ಇಷ್ಟ ಅಂತ ಹಾಕುವವರು ಹಾಗೇ ಹೇಳಿ ಹಾಕ್ಲಿ, ಅದರಲ್ಲಿ ತಪ್ಪೇನಿಲ್ಲ, ಗಾಡಿ ಮೇಲಿನ ಪ್ರೀತಿ ನನಗೂ ಉಂಟು, ಅದಕ್ಕೇ ಈ ಕೆಲಸಕ್ಕೆ ಬಂದದ್ದು. ನನ್ನ ಹತ್ರ ಕೇಳಿದವರಿಗೆ ಹೇಳೂದು ಹೀಗೆ: ಸಾಧಾರಣ ಪೆಟ್ರೋಲ್ ಕಾರು, ಪೇಟೆಯಲ್ಲೇ ಓಡಾಟ ಅಂದ್ರೆ ಕಂಪನಿ ಬಾಕ್ಸ್, ಒಳ್ಳೆ ಪೇಪರ್ ಫಿಲ್ಟರ್, ಬಾಕ್ಸಿನ ಕ್ಲಿಪ್ ನಾಲ್ಕೂ ಸರಿಯಾಗಿ ಕೂತಿರ್ಲಿ, ರಬ್ಬರ್ ಹೋಸ್ ಬಿರುಕು ಬಿಟ್ಟಿದ್ರೆ ಬದಲಿಸಿ, ಅಷ್ಟು ಸಾಕು. ವರ್ಷ ವರ್ಷ ಫಿಲ್ಟರ್ ತಗೊಳ್ಳುವ ರಗಳೆ ಬೇಡ ಅನ್ನುವವರು ಅಧಿಕೃತ ಡೀಲರಿಂದ ಬಿಲ್ ಸಮೇತ ಪ್ಯಾನೆಲ್ ಫಿಲ್ಟರ್ ತಗೊಳ್ಳಿ, ಆನ್‌ಲೈನಲ್ಲಿ ಅರ್ಧ ರೇಟಿಗೆ ಸಿಗುವ ಅದೇ ಹೆಸರಿನ ಮಾಲು ಬೇಡ. ಟರ್ಬೋ ಕಾರನ್ನ ಟ್ಯೂನ್ ಮಾಡಿಸಿದವರಿಗೆ ಮಾತ್ರ ಪೂರ್ತಿ ಕಿಟ್ಟಿನ ಅಗತ್ಯ ಬರ್ತದೆ, ಅವರೂ ಮುಚ್ಚಿದ ಬಾಕ್ಸ್ ಇರುವ, ಮೂತಿ ಕಂಪನಿಯ ಮೂತಿ ಇದ್ದ ಎತ್ತರದಲ್ಲೇ ಬರುವ ಕಿಟ್ ತಗೊಳ್ಬೇಕು. ಹೆಡ್‌ಲೈಟಿನ ಮಧ್ಯಕ್ಕಿಂತ ಕೆಳಗೆ ಪೈಪಿನ ಬಾಯಿ ಬರೂದಾದ್ರೆ ಬೇಡ, ಎಷ್ಟೇ ದೊಡ್ಡ ಬ್ರ್ಯಾಂಡ್ ಇರಲಿ. ಫಿಟ್ ಆದ ಮೇಲೆ ಬಾನೆಟ್ ತೆಗೆದು ಒಂದು ಬಾಟ್ಲಿ ನೀರು ಗ್ರಿಲ್ಲಿನ ಮೇಲಿಂದ ಹೊಯ್ದು ಫಿಲ್ಟರ್ ಒದ್ದೆ ಆಗ್ತದಾ ಅಂತ ಅಂಗಡಿಯವರ ಎದುರೇ ನೋಡಿ, ಇಂಜಿನ್ ಬಂದ್ ಇರುವಾಗ ಮಾತ್ರ. ಮತ್ತೆ ತೆಗೆದ ಕಂಪನಿ ಬಾಕ್ಸನ್ನ ಅಂಗಡಿಯಲ್ಲಿ ಬಿಡ್ಬೇಡಿ, ಮನೆಗೆ ತನ್ನಿ, ಜೂನಿಂದ ಸೆಪ್ಟೆಂಬರ್ ತನಕ ಅದನ್ನೇ ಹಾಕಿ ಓಡಿಸುವವರು ನನ್ನ ಗಿರಾಕಿಗಳಲ್ಲಿ ಉಂಟು, ಅವರಿಗೆ ಇಷ್ಟರ ತನಕ ಎಂತದೂ ಆಗಿಲ್ಲ.

ನಿಮ್ಮ ಹತ್ರ ನನ್ನ ವಿನಂತಿ ಎರಡು. ಮಂಗಳೂರು, ಉಡುಪಿಯಲ್ಲಿ ಇನ್‌ಟೇಕ್ ಮಾರುವ ಅಂಗಡಿಗಳಿಗೆ ನಿಮ್ಮ ವರದಿಗಾರರನ್ನ ಕಳಿಸಿ, ಗಿರಾಕಿಗೆ ಬಿಲ್ ಕೊಡ್ತಾರಾ, ಫಿಲ್ಟರ್ ನೆಲದಿಂದ ಎಷ್ಟು ಎತ್ತರದಲ್ಲಿ ಬರ್ತದೆ ಅಂತ ಬರೆದು ಕೊಡ್ತಾರಾ ಅಂತ ವಿಚಾರಿಸಿ ಹಾಕಿ. ಆ ಎತ್ತರ ಬಿಲ್ಲಲ್ಲಿ ಬರೆದಿರ್ಬೇಕು ಅನ್ನುವ ಒಂದು ಪದ್ಧತಿ ಬಂದ್ರೆ ಸಾಕು, ಇನ್ಶೂರೆನ್ಸಿನವರ ಹತ್ರವೂ ಮಾತಾಡ್ಲಿಕ್ಕೆ ಒಂದು ಕಾಗದ ಇರ್ತದೆ. ಎರಡನೇದು, ನೀರಲ್ಲಿ ಬಂದಾದ ಕಾರಿಗೆ ಸೆಲ್ಫ್ ಹೊಡೀಬಾರ್ದು ಅನ್ನುವುದನ್ನ ಮಳೆಗಾಲದ ನಾಲ್ಕು ತಿಂಗಳು ವಾರಕ್ಕೊಂದು ಸಲ ಹವಾಮಾನದ ವರದಿಯ ಪಕ್ಕ ಒಂದು ಸಣ್ಣ ಚೌಕದಲ್ಲಿ ಹಾಕಿ. ಲೆವೆಲ್ ಪೈಪಿನ ಹಲಗೆ ನನ್ನ ಗ್ಯಾರೇಜಲ್ಲಿ ರೆಡಿ ಉಂಟು, ನಿಮ್ಮವರು ಬರೂದಾದ್ರೆ ಭಾನುವಾರ ಬೆಳಿಗ್ಗೆ ಬರ್ಲಿ, ಅವರ ಕಾರಿಗೇ ಕಟ್ಟಿ ತೋರಿಸ್ತೇನೆ.

ಇತಿ,
ಒಬ್ಬ ಗ್ಯಾರೇಜಿನವ, ಸುರತ್ಕಲ್